ಪಾರ್ಸೆಲ್ಲಿಗೆ ಕೈಯಿಲ್ಲ

ಹೊಳೆಯ ದಂಡೆಯ ಮೇಲೆ ಒಂದು ಮಠ ಇತ್ತು. ಅಲ್ಲಿಯ ಗುರುವನ್ನು ಸುತ್ತಲಿನ ಊರವರು ಅಜ್ಜ ಎನ್ನುತ್ತಿದ್ದರು. ಬೇರೆ ಹೆಸರಿದ್ದರೂ ಅದು ಯಾರಿಗೂ ನೆನಪಿರಲಿಲ್ಲ.

ಅಜ್ಜ ವರ್ಷಕ್ಕೊಮ್ಮೆ ಕೀಲುನೋವಿಗೆ ಎಣ್ಣೆ ಕಾಯಿಸುತ್ತಿದ್ದರು. ಅದಕ್ಕೆ ಬೇಕಾದ ಬೇರು ವರ್ಷದಲ್ಲಿ ಎಂಟೇ ದಿನ ಸಿಗುವಂಥದು. ಆ ವರ್ಷ ಮೂರು ಭರಣಿ ತುಂಬಿತು. ನಾಲ್ಕನೆಯದಕ್ಕೆ ಬೇರು ಸಾಲಲಿಲ್ಲ.

ಮೊದಲ ಭರಣಿ ನಿಂಬೆವ್ವನಿಗೆ. ಎರಡು ದಿನದ ದಾರಿಯಾಚೆಯ ಊರಿನಲ್ಲಿ ಅವಳು ಒಬ್ಬಳೇ ಇದ್ದು ಮಗ್ಗ ನೇಯುತ್ತಿದ್ದಳು. ನೇಯುವಾಗ ಎಳೆ ಕಡಿಯುತ್ತದೆ. ಕಡಿದ ಎಳೆಗೆ ಎರಡು ಬೆರಳ ತುದಿಯಲ್ಲಿ ಗಂಟು ಹಾಕಬೇಕು. ಅವಳ ಬೆರಳ ಗಿಣ್ಣುಗಳು ಬಾತು ಬೆರಳು ಮಡಚದಾಗಿದ್ದವು. ಮಗ್ಗ ನಿಂತಿತ್ತು.

ಎರಡನೆಯ ಭರಣಿ ಮಠಕ್ಕೆ ಬರುವವರಿಗೆ.

ಮೂರನೆಯದು ಅಜ್ಜನ ಮೊಣಕಾಲಿಗೆ. ಮಠದಿಂದ ಹೊಳೆಗೆ ಇಪ್ಪತ್ತೊಂದು ಮೆಟ್ಟಿಲು.

ಶಿಷ್ಯ ಮಾನಪ್ಪ. ನಲವತ್ತು ದಾಟಿದ ಮೇಲೆ ಮಠಕ್ಕೆ ಬಂದವನು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದ. ತನ್ನ ಕೈಯ ಟ್ರಂಕು ಒಂದೂ ಬಾಯಿ ಬಿಟ್ಟದ್ದಿಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ.

ನಿಂಬೆವ್ವನ ಭರಣಿ ಕಳಿಸು ಎಂದು ಅಜ್ಜ ಹೇಳಿದಾಗ ಅವನಿಗೆ ಹಿಗ್ಗಾಯಿತು. ಮಠದಲ್ಲಿ ಕಡೆಗೂ ತನಗೆ ಬರುವ ಒಂದು ಕೆಲಸ ಸಿಕ್ಕಿತ್ತು.

ದಪ್ಪ ತಗಡು ಕತ್ತರಿಸಿದ. ರಿವೆಟ್ ಹೊಡೆದ. ಭರಣಿಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿದ. ಭರಣಿ ಒರೆಯೊಳಗೆ ಕತ್ತಿ ಕೂತಂತೆ ಕೂತಿತು. ಮುಚ್ಚಳ ಹಾಕಿ ಅದರ ಮೇಲೆ ತಾನೇ ಹತ್ತಿ ನಿಂತು ತೋರಿಸಿದ.

ಅಜ್ಜ ನೋಡಿದರು. ಪೆಟ್ಟಿಗೆ ಪಾರ್ಸೆಲ್ ಲಾರಿಗೆ ಹೋಯಿತು.

ಹನ್ನೆರಡನೆಯ ದಿನ ಒಂದು ಕಾರ್ಡು ಬಂತು. ನಿಂಬೆವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗಿಯಿಂದ ಬರೆಸಿದ್ದಳು. ಪೆಟ್ಟಿಗೆ ಬಹಳ ಚಂದ ಇದೆ, ಒಳಗೆ ಭರಣಿ ಹನ್ನೊಂದು ಚೂರಾಗಿದೆ, ಪೆಟ್ಟಿಗೆ ತೊಳೆದು ಜೋಳ ಹಾಕಿಟ್ಟುಕೊಂಡಿದ್ದೇನೆ ಎಂದಿತ್ತು.

ಮಾನಪ್ಪ ಕಾರ್ಡನ್ನು ಎರಡು ಸಲ ಓದಿದ. ಪೆಟ್ಟಿಗೆ ಎಲ್ಲಾದರೂ ನೆಗ್ಗಿತ್ತೇ ಎಂದು ಅಜ್ಜ ಕೇಳಿದರು. ಎಲ್ಲಿಯೂ ಇಲ್ಲ, ಬಹಳ ಚಂದ ಇದೆಯಂತೆ ಎಂದ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಹಂಗಾರ ಪೆಟ್ಟು ಯಾರು ತಿಂದರು?"

ಮಾನಪ್ಪ ಕಾರ್ಡನ್ನು ತಿರುಗಿಸಿ ನೋಡಿದ.

"ಪೆಟ್ಟಿಗೆ ಇರೂದು ಯಾತಕ್ಕ?"

ಸಾಮಾನು ಇಡಲು ಎಂದ ಮಾನಪ್ಪ.

"ಪೆಟ್ಟಿಗೆ," ಎಂದರು ಅಜ್ಜ.

ಅಜ್ಜನಿಗೆ ವಯಸ್ಸಾಯಿತು, ಹೇಳಿದ ಮಾತನ್ನೇ ಮತ್ತೆ ಹೇಳುತ್ತಾರೆ ಎಂದುಕೊಂಡ ಮಾನಪ್ಪ. ಅದು ಬೇರೆಯೇ ಮಾತು, ಪೆಟ್ಟಿನ ಮಾತು ಎಂದು ತಿಳಿಯಲು ಅವನಿಗೆ ಮೂರು ದಿನ ಬೇಕಾಯಿತು. ತಿಳಿದಾಗ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಕೈ ತಪ್ಪಿ ಗದ್ದಕ್ಕೆ ಗಾಯವಾಯಿತು.

ಎರಡನೆಯ ಭರಣಿ ತೆಗೆದರು. ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಕಳಿಸಿದರೆ ಒಡೆಯುವ ಮಾತೇ ಇಲ್ಲವಲ್ಲ ಎಂದ ಮಾನಪ್ಪ.

"ಈ ಎಣ್ಣಿ ಡಬ್ಬಿ ತಿಂತೈತಿ. ಆಮೇಲೆ ಆಕಿ ಡಬ್ಬಿ ಹಚ್ಚಿಕೋಬೇಕು."

ಈ ಸಲ ಮಾನಪ್ಪ ದೊಡ್ಡ ಪೆಟ್ಟಿಗೆ ತೆಗೆದುಕೊಂಡ. ತಗಡು ಬೇಡ ಎಂದು ಮರದ್ದು. ತುಂಬ ಭತ್ತದ ಹುಲ್ಲು ಹಾಕಿ ನಡುವೆ ಭರಣಿ ಇಟ್ಟ. ಹೊರಗೆ ಆರೂ ಮೈಗೆ ಕೆಂಪು ಬಣ್ಣದಲ್ಲಿ 'ಜೋಪಾನ' ಎಂದು ಬರೆದ. ಆದರೂ ಧೈರ್ಯ ಸಾಲದೆ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದ.

ಅಜ್ಜ ವಿಭೂತಿ ನೋಡಿದರು.

"ಇದನ್ನ ಲಾರಿಯವನ ಹಣಿಗೆ ಹಚ್ಚಬೇಕಿತ್ತು."

'ಜೋಪಾನ' ಎಂದು ಬರೆದದ್ದನ್ನೂ ನೋಡಿದರು. ಮೂಟೆ ಎತ್ತುವವನು ಕಣ್ಣಿನಿಂದ ಎತ್ತುತ್ತಾನೋ ಬೆನ್ನಿನಿಂದ ಎತ್ತುತ್ತಾನೋ ಎಂದು ಕೇಳಿ ಒಳಗೆ ಹೋದರು.

ಎರಡನೆಯ ಕಾರ್ಡೂ ಬಂತು. ಭರಣಿ ಪೆಟ್ಟಿಗೆಯ ಒಂದು ಮೂಲೆಗೆ ಹೋಗಿ ಒಡೆದಿತ್ತು. ಎಣ್ಣೆಯನ್ನು ಹುಲ್ಲು ಕುಡಿದಿತ್ತು. ಆ ಹುಲ್ಲನ್ನೇ ಎಂಟು ದಿನ ಬೆರಳಿಗೆ ತಿಕ್ಕಿಕೊಂಡೆ, ಕಿರುಬೆರಳು ಒಂದು ತುಸು ಮಡಚಿತು, ಹುಲ್ಲು ಮುಗಿಯಿತು, ಇಂಥ ಹುಲ್ಲು ಇನ್ನೂ ಇದ್ದರೆ ಕಳಿಸಿರಿ ಎಂದು ಬರೆಸಿದ್ದಳು.

ಅಜ್ಜ ನಕ್ಕರು. ಅವರು ನಕ್ಕದ್ದನ್ನು ಮಾನಪ್ಪ ನೋಡಿದ್ದು ಅದೇ ಮೊದಲು.

ಅವನಿಗೆ ನಗು ಬರಲಿಲ್ಲ. ಅಷ್ಟು ಹುಲ್ಲು ಹಾಕಿದ್ದ. ನಡುವೆಯೇ ಇಟ್ಟಿದ್ದ. ನಡುವೆ ಇಟ್ಟದ್ದು ಮೂಲೆಗೆ ಹೋದದ್ದು ಹೇಗೆ? ಊಟಕ್ಕೆ ಕೂತಾಗಲೂ ಅದೇ ಯೋಚನೆ. ಕಡೆಗೆ ಕೇಳಿಯೇ ಬಿಟ್ಟ.

"ಅಜ್ಜಾರ, ಮುಚ್ಚಿದ ಪೆಟ್ಟಿಗೆ ಒಳಗ ದಾರಿಯಾಗ ಏನು ನಡೀತೈತಿ?"

"ಒಳಗ ಇದ್ದವರನ್ನ ಕೇಳು."

"ಅವು ಒಡೆದು ಹೋದುವಲ್ಲರೀ."

"ಹಂಗಾರ ನೀನ ಹೋಗು."

ಮಾನಪ್ಪನಿಗೆ ಬೇರೆ ಅರ್ಥವಾಯಿತು. ಮೂರನೆಯ ಭರಣಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂಬೆವ್ವನ ಊರಿಗೆ ಹೋಗಿ ಕೊಟ್ಟು ಬರುತ್ತೇನೆ ಎಂದ.

"ಈ ವರ್ಷ ಒಯ್ತಿ. ಬರೂ ವರ್ಷ? ನೀ ಇಲ್ಲದ ವರ್ಷ?" ಅಜ್ಜ ತಟ್ಟೆ ಸರಿಸಿದರು. "ಕೈ ಬಿಟ್ಟ ಮೇಲೂ ಮುಟ್ಟಬೇಕು. ಅದಕ್ಕ ಕಟ್ಟೂದು ಅಂತಾರ."

ಆಮೇಲೆ ಏನು ಮಾಡಬೇಕೆಂದು ಹೇಳಿದರು. ಮರುದಿನ ಸಂತೆಗೆ ಹೋಗುವ ಟೆಂಪೋದಲ್ಲಿ ಹಿಂದೆ, ಸಾಮಾನು ಹಾಕುವ ಕಡೆ ಕೂರಬೇಕು. ಪೇಟೆಗೆ ಹೋಗಿ ಅದೇ ಗಾಡಿಯಲ್ಲಿ ತಿರುಗಿ ಬರಬೇಕು. ಒಂದೇ ಕಟ್ಟಳೆ.

"ಏನನ್ನೂ ಹಿಡೀಬ್ಯಾಡ. ಪಾರ್ಸೆಲ್ಲಿಗೆ ಕೈ ಇರೂದಿಲ್ಲ."

ಮಾನಪ್ಪ ಕೈ ಕಟ್ಟಿಕೊಂಡು ಟೆಂಪೋದ ನಡುವೆ ಕೂತ. ಗಾಡಿ ಖಾಲಿ ಇತ್ತು. ಮೊದಲ ತಗ್ಗಿನಲ್ಲಿ ಮೊಣಕೈ ಬಡಿಯಿತು. ಎರಡನೆಯದರಲ್ಲಿ ತಲೆ. ಮೂರನೆಯದು ಮುಗಿಯುವಾಗ ಅವನು ನಡುವೆ ಇರಲಿಲ್ಲ, ಮೂಲೆಯಲ್ಲಿದ್ದ. ಯಾರೂ ಅವನನ್ನು ಅಲ್ಲಿಗೆ ದೂಡಿರಲಿಲ್ಲ. ಪ್ರತಿ ಕುಲುಕಿಗೂ ಒಂದೊಂದು ಬೆರಳಷ್ಟು ತಾನೇ ಸರಿದಿದ್ದ.

ನೋವಿನ ನಡುವೆಯೂ ಅವನಿಗೆ ಇದು ಬೆರಗಾಯಿತು. ಮತ್ತೆ ನಡುವೆ ಹೋಗಿ ಕೂತು ನೋಡಿದ. ಮತ್ತೆ ಮೂಲೆಗೇ ಬಂದ.

ಮುಂದಿನ ಊರಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಹತ್ತಿದಳು. ಜೊತೆಗೆ ಎರಡು ಹತ್ತಿಯ ಚೀಲ.

"ತಮ್ಮಾ, ಒಂಚೂರು ಇಂಬು ಕೊಡು. ಇಡೀ ಗಾಡಿ ನುಂಗಿ ಕುಂತೀಯಲ್ಲ."

ಅವನು ಸರಿದು ಇಂಬು ಕೊಟ್ಟ. ಅವಳು ಒಂದು ಚೀಲವನ್ನು ಅವನ ಆಚೆಗೆ ತುರುಕಿದಳು, ಇನ್ನೊಂದನ್ನು ಬೆನ್ನಿಗೆ. ಈಚೆಗೆ ತಾನು ಕೂತಳು. ಗಾಡಿ ಹೊರಟಿತು. ತಗ್ಗು ಬಂತು. ಗಾಡಿ ಹಾರಿತು. ಮಾನಪ್ಪ ಹಾರಲಿಲ್ಲ.

ಕಂಬಿ ಹಿಡಿದುಕೊಳ್ಳದೆ ಕೂತವನನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಕೈಗೆ ಏನಾಗಿದೆ ಎಂದು ಕೇಳಿದಳು. ಏನೂ ಆಗಿಲ್ಲ, ನಾನು ಪಾರ್ಸೆಲ್ಲು ಎಂದ ಮಾನಪ್ಪ.

"ಅಯ್ಯ ಶಿವನ. ನಿನ್ನ ಬಿಡಿಸಿಕೊಳ್ಳೋರು ಯಾರಪಾ?"

ಪೇಟೆ ಬರುವತನಕ ಅವಳು ನಗುತ್ತಲೇ ಇದ್ದಳು. ಅವಳು ನಕ್ಕರೆ ಚೀಲಗಳೂ ಮಾನಪ್ಪನೂ ಒಟ್ಟಿಗೆ ಕುಲುಕುತ್ತಿದ್ದರು.

ಬರುವಾಗ ಗಾಡಿ ತುಂಬಿತ್ತು. ಸುತ್ತ ಉಳ್ಳಾಗಡ್ಡಿ ಮೂಟೆ, ಮೇಲೆ ನೇಗಿಲ ಕುಳ. ಅಲುಗಾಡಲು ಜಾಗವೇ ಇರಲಿಲ್ಲ. ಅಲುಗಾಡದಿದ್ದರೆ ಸಾಕು ಎಂದುಕೊಂಡಿದ್ದ. ತಗ್ಗು ಬಂದಾಗ ಗಾಡಿಯ ಪೆಟ್ಟು ನೆಟ್ಟಗೆ ಪಕ್ಕೆಲುಬಿಗೆ ಬಂತು. ತನ್ನ ತಗಡಿನ ಪೆಟ್ಟಿಗೆ ಅವನಿಗೆ ನೆನಪಾಯಿತು.

ಮಠಕ್ಕೆ ಬಂದಾಗ ಅಜ್ಜ ಎಲ್ಲೆಲ್ಲಿ ಬಡಿಯಿತು ಎಂದು ಕೇಳಿದರು. ಅವನು ತೋರಿಸಿದ ಕಡೆಯೆಲ್ಲ ಹೆಬ್ಬೆರಳಿನಿಂದ ಒತ್ತಿದರು. ಮೊಣಕೈ, ಮಂಡಿ, ತಲೆ, ಹಿಮ್ಮಡಿ, ಪಕ್ಕೆಲುಬು. ಒತ್ತಿದಾಗಲೆಲ್ಲ ಅವನು ಹಲ್ಲು ಕಚ್ಚಿದ.

"ಮರೀಬ್ಯಾಡ," ಎಂದರು.

ಹೆಂಗಸು ಮತ್ತು ಚೀಲಗಳ ವಿಷಯ ಮಾನಪ್ಪ ಹೇಳಿದ. ಅವಳು ಇಂಬು ಕೇಳಿದಳು, ನಾನು ಕೊಟ್ಟೆ, ಆಮೇಲೆ ನೋಡಿದರೆ ಇಂಬು ಸಿಕ್ಕಿದ್ದು ನನಗೆ ಎಂದ. ಹೇಳಿದ ಮೇಲೆ ತಾನು ಹೇಳಿದ್ದೇ ವಿಚಿತ್ರ ಎನಿಸಿ ಅಜ್ಜನ ಮುಖ ನೋಡಿದ.

ಅಜ್ಜ ಮೂಲೆಯ ಭರಣಿಯ ಕಡೆ ಗದ್ದ ಎತ್ತಿದರು.

"ಅದು ನಿಮ್ಮ ಮೊಣಕಾಲಿಂದರೀ."

"ಮೊಣಕಾಲು ಮಗ್ಗ ನೇಯಂಗಿಲ್ಲ."

ಮಾನಪ್ಪ ಎರಡು ದಿನ ತೆಗೆದುಕೊಂಡ. ಕೊಡದ ಕೆಳಗೆ ಹೆಂಗಸರು ಇಟ್ಟುಕೊಳ್ಳುವಂಥ ಸಿಂಬಿ ಎರಡು ಹೆಣೆದ, ಹುಲ್ಲಿನದು. ಒಂದು ಭರಣಿಯ ತಳಕ್ಕೆ, ಒಂದು ಕೊರಳಿಗೆ. ಮೈಗೆ ಹಳೆಯ ಪಂಚೆ ಸುತ್ತಿದ. ತೆಳು ಹಲಗೆಯ ಪೆಟ್ಟಿಗೆಯಲ್ಲಿ ಮೊದಲು ಮೂಲೆಗಳಿಗೆ ಹುಲ್ಲು ತುಂಬಿದ. ಆಮೇಲೆ ತಳಕ್ಕೆ. ನಾಲ್ಕೂ ಕಡೆ ನಾಲ್ಕು ಬೆರಳು ಇಂಬು ಬಿಟ್ಟು ಭರಣಿ ಕೂರಿಸಿದ. ಬಿಟ್ಟ ಇಂಬಿಗೆ ಹುಲ್ಲು ಹಾಕಿ ಮುಷ್ಟಿಯಿಂದ ಒತ್ತಿದ. ಹುಲ್ಲು ಕುಗ್ಗಿತು. ಮತ್ತೆ ಹಾಕಿದ. ಒತ್ತಿದರೆ ತಗ್ಗಬೇಕು, ಬಿಟ್ಟರೆ ಏಳಬೇಕು. ಅಲ್ಲಿಗೆ ನಿಲ್ಲಿಸಿದ.

ಮುಚ್ಚಳ ಹೊಡೆದು ಅಲುಗಾಡಿಸಿ ಕಿವಿ ಇಟ್ಟ. ಒಳಗೆ ಏನೋ ಸಣ್ಣಗೆ ಮಾತಾಡಿತು. ಮೊಳೆ ಕಿತ್ತು ಮತ್ತೆ ಒಂದು ಹಿಡಿ ಹುಲ್ಲು ಹಾಕಿದ. ಈಗ ಮಾತಿಲ್ಲ.

ಅಜ್ಜನನ್ನು ಕರೆದ. ಅಜ್ಜ ಬಂದರು. ಪೆಟ್ಟಿಗೆ ಹೊತ್ತುಕೊಂಡು ಹೊಳೆಯ ಕಡೆ ಬಾ ಎಂದರು. ಮೆಟ್ಟಿಲ ತಲೆಗೆ ಇಡು ಎಂದರು. ಇಟ್ಟ.

ಅಜ್ಜ ಒದ್ದರು.

ಪೆಟ್ಟಿಗೆ ಇಪ್ಪತ್ತೊಂದು ಮೆಟ್ಟಿಲನ್ನೂ ಎಣಿಸಿಕೊಂಡು ಹೋಯಿತು. ಕಡೆಯ ಮೆಟ್ಟಿಲಲ್ಲಿ ಒಂದು ಮೂಲೆ ಚಟ್ಟೆಂದಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಮೇಲೆ ನೋಡಿದರು.

ಮಾನಪ್ಪ ಅಜ್ಜನ ಕಡೆ ತಿರುಗಿದ. ವರ್ಷದ ಕಡೆಯ ಭರಣಿ ಅದು.

"ಹೋಗು. ಮೂಸು."

ಇಳಿದು ಹೋಗಿ ಮೂಸಿದ. ಸೀಳಿದ ಮೂಲೆಯಿಂದ ಹುಲ್ಲು ಹೊರಗೆ ಇಣುಕಿತ್ತು. ಹುಲ್ಲಿನ ವಾಸನೆ. ಎಣ್ಣೆಯ ವಾಸನೆ ಇಲ್ಲ. ಅಲುಗಾಡಿಸಿದ. ಮಾತಿಲ್ಲ. ಅಲ್ಲೇ ಕೂತುಬಿಟ್ಟ.

ಮೂಲೆ ಒಡೆದಿದೆ, ಬೇರೆ ಪೆಟ್ಟಿಗೆ ಮಾಡಲೇ ಎಂದು ಮೇಲೆ ಬಂದು ಕೇಳಿದ. ಒಡೆಯಬೇಕಾದದ್ದೇ ಒಡೆದಿದೆ, ಒಂದು ತುಂಡು ಹಲಗೆ ಹೊಡಿ, ವಿಳಾಸ ಬರೆ, ಸಾಕು ಎಂದರು ಅಜ್ಜ. ಮಾನಪ್ಪ ಕೆಂಪು ಬಣ್ಣದ ಡಬ್ಬಿ ತೆರೆಯಲಿಲ್ಲ.

ಪಾರ್ಸೆಲ್ ಹೋಯಿತು.

ಹನ್ನೆರಡು ದಿನ ಕಳೆಯಿತು. ಕಾರ್ಡು ಬರಲಿಲ್ಲ. ಇಪ್ಪತ್ತು ಆಯಿತು. ಒಂದು ತಿಂಗಳಾಯಿತು. ಮೆಟ್ಟಿಲಿಳಿಯುವಾಗ ಅಜ್ಜನ ಮೊಣಕಾಲು ಒಣ ಕಟ್ಟಿಗೆಯಂತೆ ಸದ್ದು ಮಾಡುತ್ತಿತ್ತು. ಮಾನಪ್ಪ ಹೆಗಲು ಕೊಡುತ್ತಿದ್ದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಟೆಂಪೋದವನು ಬಂದು ಅಂಗಳಕ್ಕೆ ಏನನ್ನೋ ದೊಪ್ಪನೆ ಎಸೆದು ಹೋದ.

ಅದೇ ಪೆಟ್ಟಿಗೆ. ಮೂಲೆಯಲ್ಲಿ ಅದೇ ತುಂಡು ಹಲಗೆ. ಇನ್ನೊಂದು ಮೂಲೆಯೂ ಈಗ ನೆಗ್ಗಿತ್ತು. ಸುತ್ತ ನೂಲಿನ ಹುರಿ ಬಿಗಿದಿತ್ತು, ಬಣ್ಣ ಬಣ್ಣದ್ದು. ಮಗ್ಗದಲ್ಲಿ ಉಳಿಯುವ ತುಂಡು ಎಳೆಗಳನ್ನೆಲ್ಲ ಸೇರಿಸಿ ಮಾಡಿದ್ದು.

ಬಿಡಿಸಲು ಪುರುಸೊತ್ತಿಲ್ಲದೆ ಮಾನಪ್ಪ ಕತ್ತಿ ತಂದ. ಕೊಯ್ಯಬೇಡ ಎಂದರು ಅಜ್ಜ. ಹುರಿಯನ್ನು ಜಾರಿಸಿ ತೆಗೆದು ಮುಚ್ಚಳ ಎಬ್ಬಿಸಿದ.

ಒಳಗೆ ಖಾಲಿ ಭರಣಿ ಇತ್ತು, ತೊಳೆದದ್ದು. ತಳಕ್ಕೊಂದು ಸಿಂಬಿ, ಕೊರಳಿಗೊಂದು. ಮೂಲೆಗಳಿಗೆಲ್ಲ ಹುಲ್ಲು. ಒತ್ತಿದರೆ ತಗ್ಗಿತು, ಬಿಟ್ಟರೆ ಎದ್ದಿತು. ಬರುವ ವರ್ಷದ ಎಣ್ಣೆಗೆ ಭರಣಿ ಮೊದಲೇ ಬಂದಿತ್ತು.

ಮಾನಪ್ಪ ಹುಲ್ಲನ್ನು ಹಿಡಿ ಹಿಡಿಯಾಗಿ ತೆಗೆದು ಜಾಲಾಡಿದ. ಪೆಟ್ಟಿಗೆ ಬೋರಲು ಹಾಕಿ ಬಡಿದ. ಭರಣಿಯೊಳಗೆ ಕೈ ಹಾಕಿ ನೋಡಿದ.

"ಕಾಗದ ಇಲ್ಲರೀ ಅಜ್ಜಾರ. ಆಕಿ ಬೆರಳು ಮಡಚಿದುವೋ ಇಲ್ಲೋ, ಹೆಂಗ ತಿಳಿಯೂದು?"

ಅಜ್ಜ ಹುರಿ ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ನಿಧಾನವಾಗಿ ಎಳೆಯುತ್ತ ಹೋದರು. ಗೇಣಿಗೊಂದು ಕಡೆ ಬೆರಳು ನಿಲ್ಲುತ್ತಿತ್ತು. ಎಳೆಗೆ ಎಳೆ ಕೂಡಿದ ಜಾಗ, ಸಾಸಿವೆ ಕಾಳಿನಷ್ಟು.

ಹುರಿಯನ್ನು ಮಾನಪ್ಪನ ಅಂಗೈಯಲ್ಲಿ ಇಟ್ಟರು.

"ಗಂಟು ಓದು."