ಮರೆಮಾಡಿದ ಗೆರೆ

ಶಿಷ್ಯನು ಕೇಳಿದನು: "ಗುರುಗಳೇ, ಇದ್ದುದನ್ನು ಅಳಿಸಿಹಾಕಿದರೆ ಅದು ಸುಳ್ಳು. ಅಳಿಸದೆ ಸುಮ್ಮನೆ ಮರೆಮಾಡಿದರೆ ಅದೂ ಸುಳ್ಳೇ?"

ಗುರುಗಳು ಕಟ್ಟಡದ ನಕ್ಷೆ ಬಿಡಿಸುವುದನ್ನು ಕಲಿಸುತ್ತಿದ್ದರು. ಶಿಷ್ಯನ ಮುಂದಿನ ಕಂಪ್ಯೂಟರಿನಲ್ಲಿ ಒಂದು ಮನೆಯ ಎಲಿವೇಶನ್, ಅಂದರೆ ಮನೆಯನ್ನು ಒಂದು ಬದಿಗೆ ನಿಂತು ನೇರವಾಗಿ ನೋಡಿದರೆ ಕಾಣುವ ಚಿತ್ರ, ತೆರೆದಿತ್ತು. ಗೋಡೆಯ ಮೇಲಿನ ಕೊಳವೆಗಳು ಅಂದಗೆಡಿಸುತ್ತವೆಂದು ಅವನು ಆಗತಾನೇ ಅವನ್ನು ಮರೆಮಾಡಿದ್ದನು. ಗುರುಗಳು ಅದನ್ನು ನೋಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದನು. ಅದೇ ಊರಿನ ವರ್ತಕನೊಬ್ಬನು ತೀರಿಹೋದ ತಾಯಿಯ ಹೆಸರಿನಲ್ಲಿ ವಾಚನಾಲಯ ಕಟ್ಟಿಸಲು ಹೊರಟನು. ಅವನ ನಿವೇಶನದ ಬಡಗಣ ಮೂಲೆಯಲ್ಲಿ ಹಿಂದೆ ಕಲ್ಲು ತೆಗೆದ ಹಳ್ಳವಿತ್ತು. ಯಾರೋ ಅದಕ್ಕೆ ಮಣ್ಣು ತುಂಬಿಸಿದ್ದರು. ಹುಲ್ಲು ಬೆಳೆದು ನೆಲ ಮಟ್ಟಸವಾಗಿತ್ತು. ಅಲ್ಲಿ ಹಳ್ಳವಿತ್ತೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಆದರೆ ನೆಲ ಅಳೆದವರು ಕೊಟ್ಟ ಪತ್ರದಲ್ಲಿ ಹಳ್ಳದ ಆಳವಿತ್ತು. ನಕ್ಷೆಗಾರನು ಅದನ್ನು ಓದಿ, ಬಡಗಣ ಎಲಿವೇಶನ್ನಿನಲ್ಲಿ ತುಂಬಿದ ಮಣ್ಣಿನ ಕೆಳಗಿನ ಹಳೆಯ ಗಟ್ಟಿ ನೆಲವನ್ನು ಚುಕ್ಕೆ ಗೆರೆಯಿಂದ ತೋರಿಸಿದನು. ಮೂಲೆಗೆ ಬಂದಾಗ ಗೆರೆ ಎರಡಾಳುದ್ದ ಕೆಳಕ್ಕೆ ಇಳಿಯುತ್ತಿತ್ತು. ಪಾಯ ಅಲ್ಲಿಯವರೆಗೆ ಹೋಗಬೇಕೆಂದು ಅದರ ಅರ್ಥ.

ವರ್ತಕನು ಚಿತ್ರ ನೋಡಿ ಮುಖ ಸಪ್ಪಗೆ ಮಾಡಿದನು. "ಗುದ್ದಲಿ ಪೂಜೆಯ ಆಹ್ವಾನ ಪತ್ರಿಕೆಯಲ್ಲಿ ಇದು ಅಚ್ಚಾಗಬೇಕು. ಅಮ್ಮನ ಹೆಸರಿನ ಕಟ್ಟಡ ಗುಂಡಿಯ ಮೇಲೆ ನಿಂತಂತೆ ಕಾಣುತ್ತದಲ್ಲ! ಆ ಗೆರೆ ಬೇಡ" ಎಂದನು.

ನಕ್ಷೆಗಾರನು ಪ್ರಾಮಾಣಿಕ. ಗೆರೆಯನ್ನು ಅವನು ಅಳಿಸಲಿಲ್ಲ. ಕಂಪ್ಯೂಟರಿನಲ್ಲಿ ಆ ಒಂದು ಚಿತ್ರದಲ್ಲಿ ಮಾತ್ರ ಕಾಣದಂತೆ ಮಾಡಿದನು. ಪತ್ರಿಕೆ ಅಚ್ಚಾದ ಮೇಲೆ ಮತ್ತೆ ಕಾಣಿಸಿದರಾಯಿತು ಎಂದುಕೊಂಡನು.

ವರ್ತಕನ ಮನೆಯಲ್ಲಿ ಸೂತಕ ಬಂದು ಪೂಜೆ ಮುಂದಕ್ಕೆ ಹೋಯಿತು. ಕೆಲಸ ಶುರುವಾಗುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ನಡುವೆ ನಕ್ಷೆಗಾರನು ಹತ್ತಾರು ಕಟ್ಟಡಗಳ ನಕ್ಷೆ ಬಿಡಿಸಿದ್ದನು. ವಾಚನಾಲಯದ ನಕ್ಷೆಗಳನ್ನು ಹಾಗೆಯೇ ಅಚ್ಚು ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟನು.

ಪಾಯ ತೋಡುವಾಗ ಮೇಸ್ತ್ರಿಗೆ ಅನುಮಾನ ಬಂತು. ಅವನು ಹಿಡಿ ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ನಕ್ಷೆಗಾರನ ಬಳಿಗೆ ಬಂದನು.

"ಸಾಹೇಬರೇ, ಬಡಗಣ ಮೂಲೆಯ ಮಣ್ಣು ಸಡಿಲ ಅನ್ನಿಸುತ್ತದೆ. ಇನ್ನೂ ಆಳಕ್ಕೆ ಹೋಗಲೇ?"

ನಕ್ಷೆಗಾರನು ಕಂಪ್ಯೂಟರಿನಲ್ಲಿ ಬಡಗಣ ಎಲಿವೇಶನ್ ತೆರೆದನು. ನೆಲದ ಗೆರೆ ಈ ತುದಿಯಿಂದ ಆ ತುದಿಗೆ ನೇರವಾಗಿತ್ತು. ಅದರ ಕೆಳಗೆ ಏನೂ ಇರಲಿಲ್ಲ. "ನೆಲವೆಲ್ಲ ಒಂದೇ ಮಟ್ಟದಲ್ಲಿದೆ. ಉಳಿದ ಕಡೆ ಎಷ್ಟೋ ಇಲ್ಲೂ ಅಷ್ಟೇ" ಎಂದನು. ಮೇಸ್ತ್ರಿ ನಂಬಿ ಹೋದನು.

ಮೇಸ್ತ್ರಿಯ ಹೆಂಡತಿ ಹುಲಿಗೆಮ್ಮ ಅಲ್ಲಿಯೇ ಕೂಲಿ ಮಾಡುತ್ತಿದ್ದಳು. ಕಟ್ಟಿದ ಗೋಡೆಗೆ ದಿನಕ್ಕೆ ಮೂರು ಸಲ ನೀರು ಹಾಕುವುದು ಅವಳ ಕೆಲಸ. ಆ ನೀರೆಲ್ಲ ತುಂಬಿದ ಮಣ್ಣಿಗೆ ಇಳಿಯಿತು. ಗೋಡೆ ಕಿಟಕಿಯ ಮೇಲಕ್ಕೆ ಏರಿದ ಮೇಲೆ ಒಂದು ಮಧ್ಯಾಹ್ನ ಮೂಲೆ ಕುಸಿಯಿತು. ಗೋಡೆ ಅವಳ ಮೇಲೆ ಬಿತ್ತು. ಕಲ್ಲುಗಳನ್ನು ಮೇಸ್ತ್ರಿಯೇ ಎತ್ತಿ ತೆಗೆದನು.

ಮೇಸ್ತ್ರಿ ಪಾಯ ಸರಿಯಾಗಿ ಹಾಕಲಿಲ್ಲ ಎಂದು ಊರವರು ಆಡಿಕೊಂಡರು. ತನ್ನ ಕೈಯೇ ತನ್ನ ಹೆಂಡತಿಯನ್ನು ಕೊಂದಿತೆಂದು ಅವನೂ ನಂಬಿದನು. ಮತ್ತೆ ಕರಣೆ ಮುಟ್ಟಲಿಲ್ಲ.

ಗೋಡೆ ಏಕೆ ಕುಸಿಯಿತೆಂದು ಬರೆದುಕೊಡಬೇಕಾಗಿ ಬಂದಾಗ ನಕ್ಷೆಗಾರನು ಹಳೆಯ ಪತ್ರಗಳನ್ನು ತೆಗೆದನು. ಹಳ್ಳದ ಆಳ ಅಲ್ಲಿತ್ತು. ಅವನು ಗಾಬರಿಯಿಂದ ಎಲಿವೇಶನ್ ತೆರೆದು, ಮರೆಮಾಡಿದ್ದೆಲ್ಲ ಕಾಣುವಂತೆ ಮಾಡಿದನು. ಚುಕ್ಕೆ ಗೆರೆ ತಾನಿದ್ದಲ್ಲೇ ಇತ್ತು. ಅವನು ಅದನ್ನು ಅಚ್ಚು ತೆಗೆದುಕೊಂಡನು. ಆಮೇಲೆ ಹೋಗಿ ಪೊಲೀಸರಿಗೆ ಹೇಳಿದನು, ವರ್ತಕನಿಗೆ ಹೇಳಿದನು. ಕೊನೆಗೆ ಮೇಸ್ತ್ರಿಯ ಶೆಡ್ಡಿಗೆ ಹೋಗಿ ನಕ್ಷೆಯನ್ನು ಅವನ ಮುಂದೆ ಹಾಸಿದನು.

"ತಪ್ಪು ನಿನ್ನ ಕೈಯದಲ್ಲ. ಈ ಗೆರೆಯನ್ನು ಮರೆಮಾಡಿದವನು ನಾನು" ಎಂದನು.

ಮೇಸ್ತ್ರಿಗೆ ಅಕ್ಷರ ಬರುತ್ತಿರಲಿಲ್ಲ, ಗೆರೆ ಓದಲು ಬರುತ್ತಿತ್ತು. ಅವನ ಬೆರಳು ಗೆರೆಯ ಜೊತೆ ಮೂಲೆಯವರೆಗೆ ಹೋಗಿ, ಕೆಳಕ್ಕೆ ಇಳಿದು, ನಿಂತಿತು.

"ನಾನು ಕೇಳಲು ಬಂದಿದ್ದೆನಲ್ಲ ಸಾಹೇಬರೇ. ಆಗ ನಿಮಗೆ ಗೊತ್ತಿತ್ತೇ?"

"ಇಲ್ಲ. ಮರೆತಿದ್ದೆ."

ಮೇಸ್ತ್ರಿ ನಕ್ಷೆಯನ್ನು ಮಡಚಿ ಅವನ ಕೈಗೆ ಕೊಟ್ಟನು. "ಗೊತ್ತಿದ್ದೂ ಹೇಳಲಿಲ್ಲ ಎಂದಿದ್ದರೆ ನಿಮ್ಮನ್ನು ಬೈದಾದರೂ ಹಗುರಾಗುತ್ತಿದ್ದೆ. ಈಗ ಯಾರನ್ನು ಬೈಯಲಿ?" ಎಂದನು. ಮರುದಿನ ಮಗಳನ್ನು ಕರೆದುಕೊಂಡು ತನ್ನ ಊರಿಗೆ ಹೊರಟುಹೋದನು. ವಾಚನಾಲಯವನ್ನು ಬೇರೆಯವರು ಕಟ್ಟಿ ಮುಗಿಸಿದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಅವನು ಸುಳ್ಳು ಹೇಳಲಿಲ್ಲವಲ್ಲ. ಮರೆತನಷ್ಟೇ" ಎಂದನು.

ಗುರುಗಳು ಹೇಳಿದರು: "ಸುಳ್ಳು ಹೇಳಿದವನಿಗೆ ನಿಜ ಯಾವುದೆಂದು ನೆನಪಾದರೂ ಇರುತ್ತದೆ, ಮಗು."