ಸೈಕಲ್ ಮೇಲೆ ಸಾಹುಕಾರರ ಫೋಟೋ

ಹರಿಹರದ ಒಬ್ಬ ಪೋಸ್ಟ್‌ಮ್ಯಾನ್‌ಗೆ ಸೈಕಲ್ಲಿನಲ್ಲೇ ಏಷ್ಯಾ ಖಂಡದ ಆ ತುದಿ ಮುಟ್ಟುವ ಹುಚ್ಚು. ಮಲಗೋಕೆ ಗುಡಿ, ಮಸೀದಿಗಳ ಜಗಲಿ. ತಿನ್ನೋಕೆ ಒಂದು ಚೀಲ ಅವಲಕ್ಕಿ. ಎಲ್ಲಾ ಸಿದ್ಧ, ಗಟ್ಟಿ ಟೈರು ಮಾತ್ರ ಇಲ್ಲ. ಸೈಕಲ್ ಅಂಗಡಿಯ ಸಾಹುಕಾರ್ ಮುರಿಗೆಪ್ಪನವರ ಮುಂದೆ ಕೈಕಟ್ಟಿ ನಿಂತ.

"ಪುಕ್ಕಟೆ ಕೊಡ್ತೀನಿ," ಅಂದರು ಸಾಹುಕಾರರು. "ಆದ್ರೆ ದಾರಿಯುದ್ದಕ್ಕೂ ಸೈಕಲ್ ಮುಂದೆ ನನ್ನ ಫೋಟೋ ಇರ್ಬೇಕು. ಕಟ್ಟು ಹಾಕಿಸಿದ್ದು, ಮೂರಡಿದು."

ಮೂರಡಿ ಗಾಜು ಹೊತ್ತು ಎದುರುಗಾಳಿಗೆ ತುಳಿದರೆ ದಾವಣಗೆರೆ ಮುಟ್ಟೋದೂ ಕಷ್ಟ. ಬೇಡ ಅಂದರೆ ಟೈರಿಲ್ಲ. ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡ.

"ಆಗ್ಲಿ ಸಾಹುಕಾರ್ರೇ. ಬರೀ ಫೋಟೋ ಬೋಳಾಗಿ ಕಾಣುತ್ತೆ, ಒಂದು ಸೇವಂತಿಗೆ ಹಾರ ಹಾಕ್ಲಾ?"

"ಹಾಕು, ದೊಡ್ಡದೇ ಹಾಕು!"

"ನಿಮ್ಮ ಬೀಗರ ಊರಿನವರೆಗೆ ಒಂದು ಟ್ರಯಲ್ ನೋಡಿ ಬರ್ತೀನಿ."

ಹೋದ. ಬೀಗರ ಬೀದಿಯಲ್ಲಿ ನಿಧಾನಕ್ಕೆ ತುಳಿದ. ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ವಾಪಸ್ ಬಂದ.

ಮಧ್ಯಾಹ್ನ ಸಾಹುಕಾರರ ಮನೆ ಮುಂದೆ ಎರಡು ಟೆಂಪೋ ನಿಂತವು. ಬೀಗಿತ್ತಿ ಎದೆ ಬಡಿದುಕೊಳ್ಳುತ್ತಾ ಇಳಿದರು. "ಬಂಗಾರದಂಥ ಮನುಷ್ಯ, ಹೋಗ್ಬಿಟ್ರಲ್ಲಪ್ಪಾ!"

ಹೋಳಿಗೆ ತಿನ್ನುತ್ತಿದ್ದ ಸಾಹುಕಾರರು ಎಂಜಲು ಕೈಯಲ್ಲೇ ಹೊರಗೆ ಓಡಿಬಂದರು. ಅವರನ್ನು ಕಂಡದ್ದೇ ಬೀಗಿತ್ತಿ ಕಿಟಾರನೆ ಕಿರುಚಿ ಮತ್ತೆ ಟೆಂಪೋ ಹತ್ತಿದರು.

ಸಂಜೆ ಸಾಹುಕಾರರು ಕೆಂಡವಾಗಿದ್ದರು. "ನಾನು ಬದುಕಿದೀನಿ ಅಂತ ಒಂದು ಮಾತು ಹೇಳೋಕೆ ನಿಂಗೇನಾಗಿತ್ತೋ?"

"ಇಲ್ಲೇನೋ ಕನ್ನಡದಲ್ಲಿ ಹೇಳಬಹುದಿತ್ತು, ತಪ್ಪಾಯ್ತು. ಮುಂದಿನ ಏಳು ದೇಶದಲ್ಲಿ ಯಾವ ಭಾಷೇಲಿ ಹೇಳ್ಲಿ ಸಾಹುಕಾರ್ರೇ?"

ಸಾಹುಕಾರರು ಮೊದಲು ಹಾರ ಕಿತ್ತರು. ಆಮೇಲೆ ಫೋಟೋ ಬಿಚ್ಚಿದರು. ಕೊನೆಗೆ ಹೊಸ ಟೈರನ್ನು ತಾವೇ ಕುಕ್ಕರುಗಾಲಲ್ಲಿ ಕೂತು ಏರಿಸಿದರು.