ಬಿರುಕಿಗೆ ನೆಟ್ಟ ಎರಡು ಮುಳ್ಳು

ಗುಡ್ಡದ ಇಳಿಜಾರಿನಲ್ಲಿ ಒಂದು ಮುಳ್ಳುಹಂದಿ ಬಿಲ ತೋಡಲು ಹೊರಟಿತ್ತು. ಹೆಂಡತಿ ತುಂಬು ಬಸುರಿ. ಮಳೆ ಹಿಡಿಯುವ ಮೊದಲು ಮನೆ ಆಗಬೇಕಿತ್ತು. ಬಾಗಿಲು ಪೂರ್ವಕ್ಕೆ ಬರುತ್ತದೆಂದು ಗೂಬೆ ವಾಸ್ತು ನೋಡಿ ಹೇಳಿತ್ತು, ಹಲ್ಲಿಯೂ ಲೊಚಗುಟ್ಟಿತ್ತು. ಇನ್ನೇನು ಬೇಕು ಎಂದು ಅದು ಮಣ್ಣು ಕೆದರುತ್ತಲೇ ಎರೆಹುಳು ತಲೆ ಎತ್ತಿತು.

"ಇಲ್ಲಿ ಬೇಡಿ ಯಜಮಾನರೇ. ಈ ಮಣ್ಣು ಕೆಳಕ್ಕೆ ಜಾರುತ್ತಿದೆ."

"ಬೆನ್ನೆಲುಬಿಲ್ಲದ ನೀನು ನನಗೆ ಬುದ್ಧಿ ಹೇಳುತ್ತೀಯಾ? ಗೂಬೆಯವರೇ ಒಪ್ಪಿದ ಜಾಗ ಇದು!" ಎಂದು ಮುಳ್ಳುಹಂದಿ ಸಿಡುಕಿತು.

"ಅವರು ದಿಕ್ಕು ನೋಡಿದರು, ಮಣ್ಣು ನೋಡಲಿಲ್ಲ. ನನ್ನ ಮಾತನ್ನೂ ನಂಬಬೇಡಿ. ಮೇಲೊಂದು ಬಿರುಕಿದೆ. ಅದರ ಆಚೆಗೊಂದು, ಈಚೆಗೊಂದು ಮುಳ್ಳು ನೆಟ್ಟು, ತುದಿಗೆ ತುದಿ ತಾಗಿಸಿ. ಒಂದು ಮಳೆ ಬೀಳಲಿ, ಆಮೇಲೆ ತೋಡಿ."

ಹುಳುವಿನ ಬಾಯಿ ಮುಚ್ಚಿಸಲೆಂದೇ ಮುಳ್ಳುಹಂದಿ ಮುಳ್ಳು ನೆಟ್ಟಿತು. ಮಳೆ ಬಿತ್ತು. ಮರುದಿನ ಹೋಗಿ ನೋಡಿದರೆ ತುದಿಗಳ ನಡುವೆ ನಾಲ್ಕು ಬೆರಳಿನ ಅಂತರ! ಅದು ಎರೆಹುಳುವನ್ನು ಒದ್ದೆ ಎಲೆಯಲ್ಲಿ ಸುತ್ತಿಕೊಂಡು, ಹೆಂಡತಿಯೊಡನೆ ಪಕ್ಕದ ಗುಡ್ಡದ ಗಟ್ಟಿ ನೆಲಕ್ಕೆ ಹೋಯಿತು. ಅಲ್ಲಿ ಬಾಗಿಲು ಬಂದದ್ದು ದಕ್ಷಿಣಕ್ಕೆ.

ವಾರ ಕಳೆಯುವುದರೊಳಗೆ ಆ ಇಳಿಜಾರು ಇಡಿಯಾಗಿ ಕುಸಿದು ಹಳ್ಳ ಸೇರಿತು. ಹೊಸ ಬಿಲದಲ್ಲಿ ಎರಡು ಮರಿಗಳು ಬೆಚ್ಚಗೆ ಮಲಗಿದ್ದವು. ಅವನ್ನು ಕಂಡು ಮುಳ್ಳುಹಂದಿಗೆ ಹೋದ ಜೀವ ಬಂದಂತಾಯಿತು.

ಮರಿ ನೋಡಲು ಬಂದ ಗೂಬೆ ಹೊಸ್ತಿಲಲ್ಲೇ ಮುಖ ಸಿಂಡರಿಸಿತು. "ದಕ್ಷಿಣದ ಬಾಗಿಲು! ಇದಕ್ಕೆ ಒಪ್ಪಿದವರು ಯಾರು?"

"ನೆಲ ಒಪ್ಪಿತು ಸ್ವಾಮಿ. ಒಳಗೆ ಬನ್ನಿ," ಎಂದಿತು ಮುಳ್ಳುಹಂದಿ.